ಗುರುವಾರ ಉಪವಾಸವಿದ್ದ ಗಿರಣಿ

ಗಿರಣಿ ಅಜ್ಜನ ಹುಬ್ಬುಗಳಿಗೆ ದಿನಕ್ಕೆ ನಾಲ್ಕು ಬಣ್ಣ. ಬೆಳಿಗ್ಗೆ ಅಕ್ಕಿ ಬೀಸುವಾಗ ಬಿಳಿ, ಹತ್ತರ ಮೇಲೆ ರಾಗಿ ಬಂದರೆ ಬೂದು, ಮಧ್ಯಾಹ್ನ ಕಡಲೆಬೇಳೆಗೆ ಹಳದಿ, ಎಲ್ಲ ಮುಗಿದು ಪಕ್ಕದ ಯಂತ್ರದಲ್ಲಿ ಖಾರ ಕುಟ್ಟಿದ ಮೇಲೆ ಕೆಂಪು. ಹುಬ್ಬೆಂದರೆ ಅಂತಿಂಥವಲ್ಲ, ಒಂದೊಂದು ಕೂದಲೂ ಉದ್ದುದ್ದ, ಹಿಟ್ಟು ಹಿಡಿದಿಡಲಿಕ್ಕೆಂದೇ ಬೆಳೆದಂತಿದ್ದವು. ಮುಖವನ್ನು ಅವರು ಗಂಟೆಗೊಮ್ಮೆ ಹೆಗಲ ಟವೆಲಿನಲ್ಲಿ ಒರೆಸಿಕೊಳ್ಳುತ್ತಿದ್ದರು, ಹುಬ್ಬಿನ ತಂಟೆಗೆ ಮಾತ್ರ ಹೋಗುತ್ತಿರಲಿಲ್ಲ. ವಿನೋಬನಗರದ ನಮ್ಮ ಓಣಿಯ ಹೆಂಗಸರು ಡಬ್ಬಿ ಹೊತ್ತು ಬಂದವರು ದೂರದಿಂದಲೇ ಅವರ ಹುಬ್ಬು ನೋಡಿ, "ಇನ್ನೂ ರಾಗಿನೇ ನಡದೈತೆ, ಆಮ್ಯಾಲೆ ಬರೋಣ ಬಾ" ಎಂದು ತಿರುಗಿ ಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಅವರ ಗಿರಣಿಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮೋಟಾರು ಶುರುವಾದರೆ ನಮ್ಮ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಗಲಗಲ ಅನ್ನುತ್ತಿದ್ದವು. ಒಣಹಾಕಿದ ಬಟ್ಟೆಯ ಮೇಲೆ ಹಿಟ್ಟು, ಕಿಟಕಿಯ ಸರಳಿನ ಮೇಲೆ ಹಿಟ್ಟು, ಸಂಜೆ ಖಾರದ ಹೊತ್ತಿಗೆ ಮನೆಮಂದಿಗೆಲ್ಲ ಸೀನು. ಹನ್ನೊಂದು ವರ್ಷ ನಾನು ಅವರನ್ನು ಬಲ್ಲದ್ದು ದೂರು ಹೇಳುವ ನೆರೆಯವಳಾಗಿ ಮಾತ್ರ. ಕುಕ್ಕುವಾಡದ ಕಡೆಯ ಒಂದು ಶಾಲೆಯಲ್ಲಿ ನಾನು ಟೀಚರು. ದೂರು ಹೇಳುವುದು, ಗದರುವುದು ಎರಡೂ ನನಗೆ ಹೊಸದಲ್ಲ. ಅವರು ಒಂದಕ್ಕೂ ಎದುರಾಡಿದವರಲ್ಲ. "ಹೂನ್ರಿ ಟೀಚರಮ್ಮ, ನೋಡ್ತೀನಿ" ಅನ್ನುವರು, ಮರುದಿನ ಕಿಟಕಿಗೆ ಒಂದು ಗೋಣಿಚೀಲ ಕಟ್ಟುವರು, ಅಷ್ಟೇ.

ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ. ಗಿರಣಿಯ ಹಿಂದಿನ ಕೋಣೆಯಲ್ಲೇ ವಾಸ, ತಾವೇ ರೊಟ್ಟಿ ಬಡಿದುಕೊಳ್ಳುವರು. ಕೆಲಸದಲ್ಲಿ ಬಲು ಕಟ್ಟುನಿಟ್ಟು. ಜೋಳ ಮುಗಿದು ಗೋಧಿ ಶುರುವಾದರೆ, ಬಟ್ಟೆಯ ಸೊಂಡಿಲಿನಿಂದ ಬಿದ್ದ ಮೊದಲ ಹಿಡಿ ಹಿಟ್ಟನ್ನು ಡಬ್ಬಿಗೆ ಬಿಡದೆ ದನಕ್ಕೆಂದು ಇಟ್ಟ ತಗಡಿನ ಡಬ್ಬಕ್ಕೆ ಹಾಕುವರು. ಹೊಸಬರು ಯಾರಾದರೂ "ನಮ್ಮ ಹಿಟ್ಟು ಯಾಕ ತಗೀತೀರಿ" ಎಂದು ಜಗಳಕ್ಕೆ ನಿಂತರೆ, "ಮೊದಲ್ನೇ ಹಿಡ್ಯಾಗ ಹಿಂದಿನೋರ ರುಚಿ ಇರ್ತೈತವ್ವ. ಅದನ್ನ ತಗದಿಟ್ರೆ ಉಳಿದಿದ್ದು ನಿಮ್ದು" ಎಂದು ಕೈಯಲ್ಲಿದ್ದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ತೋರಿಸುವರು. ಡಬ್ಬಿಗಳ ಸರದಿಗೆ ಮುಚ್ಚಳದ ಮೇಲೆ ಚಾಕ್‌ಪೀಸಿನಲ್ಲಿ ನಂಬರು ಬರೆದು, ಬೀಸಿ ಕೊಡುವಾಗ ಅಂಗೈಯಲ್ಲಿ ಅಳಿಸಿಬಿಡುವರು.

ಅವರ ಕತೆ ಹೇಳಬೇಕೆಂದರೆ ನನ್ನ ಮಗಳ ಕತೆ ಹೇಳಲೇಬೇಕು. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸುಮ್ಮಸುಮ್ಮನೆ ಕಣ್ಣು ಪಿಳುಕಿಸಲು ಶುರುಮಾಡಿದಳು. ಕನ್ನಡಕ ಬೇಕೇನೋ ಎಂದು ಕಣ್ಣಿನ ಡಾಕ್ಟರಿಗೆ ತೋರಿಸಿದೆ, ಕಣ್ಣು ಸರಿಯಿತ್ತು. ಐದರಲ್ಲಿ ಕುತ್ತಿಗೆ ಕೊಂಕಿಸುವುದು ಬಂತು. ಆರರಲ್ಲಿ ಕಣ್ಣು, ಕುತ್ತಿಗೆ ಎರಡೂ ಕಡಿಮೆಯಾಗಿ ಗಂಟಲಲ್ಲಿ ಒಂದು ಸದ್ದು ಹುಟ್ಟಿಕೊಂಡಿತು. "ಹ್ಹುಕ್" ಎಂದು, ಬಿಕ್ಕಳಿಕೆಯೂ ಅಲ್ಲ, ಕೆಮ್ಮೂ ಅಲ್ಲ. ಒಬ್ಬರು ತಾಯತ ಅಂದರು, ಒಬ್ಬರು ಜೇನುತುಪ್ಪ ಕಾಳುಮೆಣಸು ಅಂದರು. ನಾನು ನನ್ನ ವೃತ್ತಿಗೆ ತಕ್ಕ ಹಾಗೆ, "ಬೇಕಂತಲೇ ಮಾಡ್ತೀಯ, ಬಾಯಿ ಮುಚ್ಚು" ಅಂದೆ. ಒಂದು ಸಲವಲ್ಲ, ಆರು ತಿಂಗಳು ಅದನ್ನೇ ಅಂದೆ. ಇವತ್ತಿಗೂ ವಾಪಸು ತೆಗೆದುಕೊಳ್ಳಬೇಕು ಅನ್ನಿಸುವ ಮಾತು ಅದೊಂದೇ.

ಡಿಸೆಂಬರಿನ ಕಿರುಪರೀಕ್ಷೆಯಲ್ಲಿ, ಎಲ್ಲರೂ ತಲೆತಗ್ಗಿಸಿ ಬರೆಯುವ ಆ ಮೌನದಲ್ಲಿ, ಅವಳ ಸದ್ದು ಮೇಲಿಂದ ಮೇಲೆ ಬಂತು. ಮಕ್ಕಳು ನಕ್ಕರು. ಅವರ ಟೀಚರು ಅವಳನ್ನು ಹೊರಗೆ ವರಾಂಡದ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿ ಬರೆಸಿದರು. ಆ ಟೀಚರನ್ನು ನಾನು ಬೈಯಲಾರೆ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮಗಳು ಮನೆಗೆ ಬಂದು ಬ್ಯಾಗನ್ನು ಮಂಚದ ಕೆಳಗೆ ನೂಕಿದಳು. "ನಾನು ಶಾಲೆಗೆ ಹೋಗಲ್ಲ. ಅಲ್ಲಿ ಸದ್ದೇ ಇರಲ್ಲ ಅಮ್ಮ" ಅಂದಳು. ಮಾರ್ಚಿನಲ್ಲಿ ವಾರ್ಷಿಕ ಪರೀಕ್ಷೆ. ಅವಳು ಆ ಮೌನದ ಕೋಣೆಯೊಳಗೆ ಮತ್ತೆ ಕಾಲಿಡುತ್ತಾಳೋ ಇಲ್ಲವೋ ಎಂಬುದೊಂದೇ ನಮ್ಮ ಮನೆಯ ಚಿಂತೆಯಾಯಿತು.

ಕೆ.ಬಿ. ಬಡಾವಣೆಯ ಒಬ್ಬ ಮಕ್ಕಳ ಡಾಕ್ಟರು ಅವಳನ್ನು ಹತ್ತು ನಿಮಿಷ ಮಾತಾಡಿಸಿ, ನನ್ನ ಕಡೆ ತಿರುಗಿ, "ಇದಕ್ಕೆ ಟಿಕ್ ಅಂತೀವಿ ಮೇಡಂ. ಮಗು ಬೇಕಂತ ಮಾಡೋದಲ್ಲ. ಬೈದ್ರೆ ಜಾಸ್ತಿ ಆಗುತ್ತೆ" ಎಂದರು. ಔಷಧಿಗಿಂತ ಮೊದಲು ಅಭ್ಯಾಸ ಮಾಡಿಸಿ ನೋಡೋಣ, ಅದನ್ನು ಕಲಿಸುವವರು ಬೆಂಗಳೂರಿನಲ್ಲಿದ್ದಾರೆ, ವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲೇ ಕಲಿಸುತ್ತಾರೆ, ನೀವು ಪಕ್ಕದಲ್ಲಿ ಕೂತಿರಬೇಕು ಎಂದರು. ಗುರುವಾರ ಸಂಜೆ ಐದೂವರೆಯ ಸಮಯ ಸಿಕ್ಕಿತು.

ಐದೂವರೆ ಎಂದರೆ ಗಿರಣಿಗೆ ತೇರಿನ ಹಾಗೆ ಜನ ಸೇರುವ ಹೊತ್ತು. ಮೊದಲ ಗುರುವಾರ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು ಕೂತೆವು. ಪರದೆಯಲ್ಲಿ ಒಬ್ಬ ಎಳೆವಯಸ್ಸಿನ ಮೇಡಂ ಬಂದು ನಗುತ್ತಾ ಏನೋ ಕೇಳಿದರು. ಗೋಡೆಯಾಚೆ ಮೋಟಾರು ಗುಡುಗುಟ್ಟಿತು. ಅವರು ಮತ್ತೆ ಕೇಳಿದರು, ಮಗಳು "ಆಂ?" ಅಂದಳು, ಅವರೂ "ಆಂ?" ಅಂದರು. ಮಾಳಿಗೆ ಹತ್ತಿದರೆ ಗಾಳಿ, ಬಚ್ಚಲಿಗೆ ಹೋದರೆ ನೆಟ್‌ವರ್ಕ್ ಇಲ್ಲ. ಹತ್ತು ನಿಮಿಷಕ್ಕೆ ಮಗಳ ಕಣ್ಣು ತುಂಬಿತು. ನನ್ನ ತಲೆ ಕೆಟ್ಟಿತು.

ನೇರ ಗಿರಣಿಗೆ ಹೋದೆ. ಎಂಟೊಂಬತ್ತು ಜನ ಡಬ್ಬಿ ಇಟ್ಟುಕೊಂಡು ನಿಂತಿದ್ದರು. ಅವರೆಲ್ಲರ ಮುಂದೆ, ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಕೂಗಿದೆ: "ಅಜ್ಜಾರೆ, ಒಂದು ಗಂಟೆ ಇದನ್ನ ನಿಲ್ಸೋಕೆ ಆಗಲ್ವಾ? ಪಕ್ಕದ ಮನ್ಯಾಗ ಮನುಷ್ಯರು ಇದ್ದಾರೆ ಅಂತ ಗೊತ್ತೈತೋ ಇಲ್ವೋ ನಿಮಗೆ? ನನ್ನ ಮಗಳ ಗಂಟಲಿಗೆ ಚಿಕಿತ್ಸೆ ನಡದೈತೆ, ಒಂದಕ್ಷರ ಕೇಳಿಸ್ತಿಲ್ಲ."

ಅಜ್ಜ ನನ್ನನ್ನೇ ನೋಡಿದರು. ಹಳದಿ ಹುಬ್ಬು. ಕೈ ಚಾಚಿ ಸ್ವಿಚ್ಚು ಆರಿಸಿದರು. ಬೆಲ್ಟು ನಿಧಾನವಾಗಿ ನಿಂತಿತು. ಓಣಿಗೆ ಓಣಿಯೇ ತಣ್ಣಗಾಯಿತು. ಆಗ ಎಲ್ಲೋ ಹತ್ತಿರದಲ್ಲೇ "ಹ್ಹುಕ್" ಎಂಬ ಸದ್ದು ಕೇಳಿಸಿತು. ಮಗಳು ಹಿಂದೆಯೇ ಬಂದಳೆಂದುಕೊಂಡು ತಿರುಗಿದೆ. ಅವಳು ಅಲ್ಲಿರಲಿಲ್ಲ. ಹಿಟ್ಟಿನ ದೂಳಿಗೆ ಅಜ್ಜ ಗಂಟಲು ಸರಿಮಾಡಿಕೊಂಡಿರಬೇಕೆಂದು ಸುಮ್ಮನಾದೆ.

"ದಿನಾನೇನ್ರಿ, ವಾರಕ್ಕೊಮ್ಮೇನಾ?" ಎಂದು ಮಾತ್ರ ಕೇಳಿದರು.

"ಗುರುವಾರ. ಐದೂವರೆಯಿಂದ ಆರೂವರೆ."

"ಹೋಗ್ರಿ, ಹುಡುಗಿ ಕಾಯ್ತಿರ್ತೈತೆ."

ಅಂದಿನಿಂದ ಒಂದು ಗುರುವಾರವೂ ತಪ್ಪಲಿಲ್ಲ. ಐದೂವರೆಗೆ ಐದು ನಿಮಿಷವಿದ್ದಾಗಲೇ ಮೋಟಾರು ನಿಲ್ಲುತ್ತಿತ್ತು. ಡಬ್ಬಿ ಹಿಡಿದು ಬಂದವರಿಗೆ ಅಜ್ಜ "ಕಲ್ಲು ಕಾದೈತೆ, ಆರಲಿ, ಕೂಡ್ರಿ" ಅನ್ನುತ್ತಿದ್ದರು. ಕಲ್ಲು ಕಾದರೆ ಹಿಟ್ಟು ಕಮಟು ವಾಸನೆ ಹೊಡೆಯುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ವಾರವಾರ ಅದೇ ಹೊತ್ತಿಗೆ ಕಾಯುವ ಕಲ್ಲನ್ನು ಯಾರೂ ಕಂಡಿರಲಿಲ್ಲ. ಬಾಯಿ ಜೋರಿದ್ದ ಬಳೆ ಅಂಗಡಿಯ ಹೆಂಗಸು ಒಂದು ಸಲ ಕೇಳಿಯೇಬಿಟ್ಟಳು: "ಅಜ್ಜ, ನಿನ್ನ ಕಲ್ಲಿಗೆ ಗುರುವಾರನೇ ಜ್ವರ ಬರ್ತೈತೇನು?"

"ಜ್ವರ ಅಲ್ಲವ್ವ, ಉಪವಾಸ. ಗುರುವಾರ ಅದು ಏನೂ ತಿನ್ನಂಗಿಲ್ಲ" ಎಂದರು ಅಜ್ಜ.

ಪರದೆಯ ಮೇಡಂ ಮಗಳಿಗೆ ಮೊದಲು ಹೇಳಿಕೊಟ್ಟದ್ದು ಸದ್ದನ್ನು ತಡೆಯುವುದನ್ನಲ್ಲ, ಅದು ಬರುವ ಮುಂಚೆ ಮೈಗೆ ಏನನ್ನಿಸುತ್ತದೆ ಎಂದು ಗುರುತಿಸುವುದನ್ನು. ಎರಡು ವಾರವಾದರೂ ಮಗಳಿಗೆ ಅದು ಹಿಡಿಗೆ ಸಿಗಲಿಲ್ಲ. "ಏನೂ ಅನ್ಸಲ್ಲ ಮೇಡಂ, ಬಂದುಬಿಡುತ್ತೆ" ಅನ್ನುವಳು. ಅದೇ ವಾರ ಗೋಧಿ ಡಬ್ಬಿ ಕೊಡಲು ಹೋದವಳು, ಎಲ್ಲ ಸರಿಯಾಗಿ ಓಡುತ್ತಿರುವಾಗಲೇ ಅಜ್ಜ ಓಡಿಹೋಗಿ ಮೋಟಾರು ಆರಿಸಿದ್ದನ್ನು ನೋಡಿ, ಯಾಕೆಂದು ಕೇಳಿದಳಂತೆ. "ಬೆಲ್ಟು ಜಾರೋದ್ರಾಗಿತ್ತು ಪುಟ್ಟವ್ವ" ಅಂದರಂತೆ. ಜಾರಿರಲಿಲ್ಲವಲ್ಲ ಅಂದದ್ದಕ್ಕೆ, "ಜಾರಿದ ಮ್ಯಾಲೆ ಗೊತ್ತಾದ್ರೆ ಏನು ಬಂತು? ಅದಕ್ಕಿಂತ ಮುಂಚೆ ಅಂಗಾಲಿಗೆ ಒಂದು ನಡುಕ ಬರ್ತೈತೆ. ಸುಮ್ನೆ ನಿಂತು ಕೇಳಬೇಕು ಅದನ್ನ" ಎಂದು ಅವಳನ್ನು ಚಪ್ಪಲಿ ಬಿಡಿಸಿ ಕಲ್ಲಿನ ಹತ್ತಿರ ನಿಲ್ಲಿಸಿದರಂತೆ. ಮುಂದಿನ ಗುರುವಾರ ಮಗಳು ಪರದೆಗೆ ಮುಖವಿಟ್ಟು ಹೇಳಿದಳು: "ಮೇಡಂ, ಬರೋಕೆ ಮುಂಚೆ ಗಂಟಲಲ್ಲಿ ಜೋಳದ ಸುಂಕು ಸಿಕ್ಕಂಗಾಗುತ್ತೆ. ಇಲ್ಲಿ, ಎಡಗಡೆ."

ಮೇಡಂ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಗುಡ್. ಇನ್ನು ನಮಗೆ ದಾರಿ ಸಿಕ್ತು" ಎಂದರು. ಆ ಸುಂಕು, ಆ ತುರಿಸುವ ದೂಳು, ಸಿಕ್ಕಂತಾದ ಕೂಡಲೇ ತುಟಿ ಮೆಲ್ಲಗೆ ಮುಚ್ಚಿ ಮೂಗಿನಲ್ಲಿ ನಿಧಾನಕ್ಕೆ ಉಸಿರು ಎಳೆದು, ನಿಧಾನಕ್ಕೆ ಬಿಡಬೇಕು. ಒತ್ತಡ ತಾನಾಗಿ ಇಳಿಯುವವರೆಗೆ, ಒಂದು ನಿಮಿಷವಾದರೂ. ಕೇಳಲಿಕ್ಕೆ ಇಷ್ಟೇ. ಕೂತು ಮಾಡಿದವರಿಗೆ ಗೊತ್ತು ಅದರ ಕಷ್ಟ.

ನನಗೂ ಒಂದು ಕೆಲಸ ಕೊಟ್ಟಿದ್ದರು. ದಿನಕ್ಕೆ ಹತ್ತು ನಿಮಿಷ, ಸದ್ದು ಎಷ್ಟು ಸಲ ಬಂತು ಎಂದು ಗುರುತು ಹಾಕಿಡುವುದು. ನಾನು ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ, ಕೈಗೆ ಅಭ್ಯಾಸವಾಗಿದ್ದ ಕೆಂಪು ಪೆನ್ನಿನಲ್ಲೇ ಗೀಟು ಎಳೆದೆ. ನಾಲ್ಕನೇ ದಿನ ಮಗಳು ಅದರ ಮುಂದೆ ನಿಂತು, "ಅಮ್ಮ, ಇವೆಲ್ಲ ನನ್ನ ತಪ್ಪಾ?" ಎಂದು ಕೇಳಿದಳು. ಆ ಹಾಳೆಯನ್ನು ಹರಿದುಹಾಕಿದೆ. ಅಜ್ಜನಿಗೆ ಇದು ಹೇಗೆ ತಿಳಿಯಿತೋ, ಡಬ್ಬಿ ವಾಪಸು ಕೊಡುವಾಗ ಅದರ ಮೇಲೊಂದು ಚಾಕ್‌ಪೀಸು ಇಟ್ಟಿದ್ದರು. "ಇದ್ರಾಗ ಬರೀರಿ ಟೀಚರಮ್ಮ. ಕೈಯಾಡಿಸಿದ್ರೆ ಹೋಗ್ತೈತೆ" ಎಂದರು.

ಆಮೇಲೆ ಆ ದೊಡ್ಡ ಎಡವಟ್ಟು ನಡೆಯಿತು. ಸದ್ದು ಬಂದಾಗ ಮನೆಯಲ್ಲಿ ಯಾರೂ ತಿರುಗಿ ನೋಡಬಾರದು, ಅದರ ಮಾತೆತ್ತಬಾರದು ಎಂದು ಮೇಡಂ ಹೇಳಿದ್ದರು. ಹಿಟ್ಟು ತರಲು ಹೋದಾಗ ಮಾತಿಗೆ ಮಾತು ಬಂದು ನಾನು ಅಜ್ಜನಿಗೆ ಅದನ್ನು ಹೇಳಿದೆ. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟರು. ಮರುದಿನ ಸಂಜೆ ಮಗಳು ಮೊಸರಿಗೆಂದು ಹೊರಗೆ ಹೋದಳು. ಗಿರಣಿಯ ಮುಂದೆ ನಿಂತಿದ್ದ ಅಷ್ಟೂ ಜನ, ಅವಳು ಹತ್ತಿರ ಬಂದದ್ದೇ ತಡ, ಒಟ್ಟಿಗೆ ಗೋಡೆಗೆ ಮುಖ ತಿರುಗಿಸಿ ನಿಂತರು. ಬಳೆ ಅಂಗಡಿಯ ಹೆಂಗಸಂತೂ ಸೆರಗನ್ನೇ ಕಣ್ಣಿಗೆ ಅಡ್ಡ ಹಿಡಿದಳಂತೆ. ಹೋಗುವಾಗ ಹಾಗೆ, ಬರುವಾಗಲೂ ಹಾಗೆ. ಮಗಳು ಮೊಸರಿನ ಪಾಕೀಟನ್ನು ನೆಲಕ್ಕೆ ಹಾಕಿ ಅಳತೊಡಗಿದಳು. "ಅಮ್ಮ, ನನ್ನ ಮುಖ ನೋಡಕೇ ಆಗದಂಗೆ ಆಗೈತಾ?"

ಮತ್ತೆ ನಾನು ಗಿರಣಿಗೆ. ಮತ್ತೆ ಅದೇ ಕೊನೆಯ ಬೆಂಚಿನ ದನಿ. "ಯಾರು ಹೇಳಿದ್ರು ನಿಮಗೆ ಊರಿಗೆಲ್ಲ ಡಂಗುರ ಹೊಡೀರಿ ಅಂತ?" ಅಜ್ಜ ಹಿಟ್ಟಿನ ಕೈಯನ್ನು ಪಂಚೆಗೆ ಒರೆಸುತ್ತಾ ಒರೆಸುತ್ತಾ ನಿಂತರು. ಅವರ ಮುಖ ಸಣ್ಣದಾಗಿಹೋಯಿತು.

ಏಳು ಗಂಟೆಗೆ ನಮ್ಮ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಯಾರೋ ಅಪರಿಚಿತ ಮುದುಕರು. ಒಗೆದ ಅಂಗಿ, ತೊಳೆದ ಮುಖ. ಒಂದು ಗಳಿಗೆಯ ಮೇಲೆ ಗೊತ್ತಾಯಿತು, ಅಜ್ಜ. ಹುಬ್ಬನ್ನೂ ತೊಳೆದುಕೊಂಡಿದ್ದರು. ಅವು ನಿಜಕ್ಕೂ ಇನ್ನೂ ಅರ್ಧ ಕಪ್ಪಗಿವೆ ಎಂದು ನಾನು ಕಂಡದ್ದು ಅವತ್ತೇ. ಒಳಗೆ ಬಂದು ನೆಲದ ಮೇಲೇ ಕೂತು ಮಗಳನ್ನು ಕರೆದರು.

"ತಪ್ಪಾತು ಪುಟ್ಟವ್ವ. ನಿನ್ನ ವಯಸ್ಸಿನಾಗ ನಂಗೆ, ಯಾರೂ ನನ್ನ ನೋಡದಿದ್ರೆ ಸಾಕಪ್ಪ ಅನ್ಸ್ತಿತ್ತು. ನಿಂಗೂ ಅದೇ ಬೇಕು ಅಂದ್ಕಂಡೆ."

"ನಿನ್ನ ಯಾಕ ನೋಡ್ತಿದ್ರು?" ಎಂದಳು ಮಗಳು.

ಅಜ್ಜ ಹೇಳುವ ಮೊದಲೇ ಅದು ಬಂತು. "ಹ್ಹುಕ್." ನಮ್ಮ ಮನೆಯ ಮೌನದಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಸ್ಪಷ್ಟವಾಗಿ. ಮಗಳೂ ನಾನೂ ಮುಖ ಮುಖ ನೋಡಿಕೊಂಡೆವು.

ಎಂಟು ವರ್ಷದವರಿದ್ದಾಗ ಶುರುವಾದದ್ದಂತೆ. ತಮ್ಮನ್ನೇ ಅಣಕಿಸುತ್ತಾನೆಂದು ಶಾಲೆಯ ಮೇಷ್ಟ್ರು ಹೊಡೆದರು, ಮನೆಯಲ್ಲಿ ಗಾಳಿ ಬಡಿದಿದೆ ಎಂದರು. ಹದಿನಾಲ್ಕಕ್ಕೆ ಯಾರೋ ಒಂದು ಗಿರಣಿಗೆ ಕೆಲಸಕ್ಕೆ ಹಚ್ಚಿದರು. "ಮೋಟಾರು ಹಚ್ಚಿದ್ರು ನೋಡವ್ವ. ನಾನು ಎಷ್ಟ್ ಸಲ ಹ್ಹುಕ್ ಅಂದ್ರೂ ನನ್ನ ಕಿವಿಗೇ ಕೇಳಿಸ್ಲಿಲ್ಲ. ಇದೇ ನನ್ನ ಜಾಗ ಅಂತ ಅವತ್ತೇ ಗೊತ್ತಾತು." ಪ್ರಾಯದಲ್ಲಿ ಒಂದು ಕಡೆ ಹೆಣ್ಣು ನೋಡಲು ಹೋಗಿದ್ದರು. ಹಿರಿಯರು ಸುತ್ತ ಕೂತು ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುವ ಹೊತ್ತಿನಲ್ಲಿ ಸದ್ದು ಬಂತು. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ಉಪ್ಪಿಟ್ಟಿನ ತಟ್ಟೆ ಅಲ್ಲೇ ಇಟ್ಟು ಎದ್ದು ಬಂದವರು, ಮತ್ತೆ ಯಾರ ಮನೆಗೂ ಹೋಗಲಿಲ್ಲ.

ಎದೆಯಲ್ಲಿ ಹಿಟ್ಟು ಕೂತಿದೆ, ಗಿರಣಿ ಬಿಡು ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತಂತೆ. ಹರಿಹರದಲ್ಲಿ ಅವರ ತಂಗಿ ಇದ್ದರು, ಬಾ ಬಾ ಎಂದು ಕರೆಯುತ್ತಲೇ ಇದ್ದರು. "ಹೋಗಬೇಕು ಅಂತೀನಿ. ಆದ್ರೆ ತಂಗಿ ಮನೆ ಹೊಳಿ ಕಡೆ ಐತೆ. ಒಂದು ಸದ್ದಿಲ್ಲ ಅಲ್ಲಿ" ಎಂದರು.

ಮಗಳು ತನ್ನ ಅಳು ಮರೆತು ಅವರ ಹತ್ತಿರ ಸರಿದಳು. "ಅಜ್ಜ, ಅದು ಬರೋಕೆ ಮುಂಚೆ ನಿಂಗೂ ಗಂಟಲಲ್ಲಿ ಸುಂಕು ಸಿಕ್ಕಂಗಾಗುತ್ತಾ?"

ಅಜ್ಜ ತಮ್ಮ ಗಂಟಲಿನ ಮೇಲೆ ಬೆರಳಿಟ್ಟು ನೋಡಿಕೊಂಡರು. "ಹೂನವ್ವ" ಎಂದರು. "ಅರವತ್ತು ವರ್ಷ ಆತು. ಯಾರೂ ಇದನ್ನ ಕೇಳಿರ್ಲಿಲ್ಲ."

ಆ ರಾತ್ರಿ ಪಾತ್ರೆ ತೊಳೆಯುವಾಗ ನನಗೆ ಹೊಳೆಯಿತು. ಅಷ್ಟು ಗುರುವಾರ ಅವರು ನಿಲ್ಲಿಸಿದ್ದು ಗಿರಣಿಯನ್ನಷ್ಟೇ ಅಲ್ಲ. ಯಾವ ಸದ್ದಿನ ಹಿಂದೆ ಒಂದು ಜನ್ಮವನ್ನೇ ಬಚ್ಚಿಟ್ಟುಕೊಂಡು ಬಂದಿದ್ದರೋ ಆ ಸದ್ದನ್ನು, ವ್ಯಾಪಾರದ ಹೊತ್ತಿನಲ್ಲಿ, ಎಂಟೊಂಬತ್ತು ಜನರ ಎದುರು, ನಾನು ಕೂಗಿದೆನೆಂಬ ಒಂದೇ ಕಾರಣಕ್ಕೆ ಆರಿಸಿ ಕೂತಿದ್ದರು. ಅವರಿಗೆ ನಾನು ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ನಾಚಿಕೆಯಾಯಿತು.

ಮುಂದಿನ ವಾರದಿಂದ ಮಗಳು ಟೀಚರಾದಳು. ಪರದೆಯ ಮೇಡಂ ತನಗೆ ಹೇಳಿದ್ದನ್ನು ಅಜ್ಜನಿಗೆ ಹೇಳಿಕೊಡುವುದು. ಈ ಅಭ್ಯಾಸ ದೊಡ್ಡವರಿಗೂ ಬರುತ್ತದಾ ಎಂದು ಮೇಡಂ ಅವರನ್ನೇ ಕೇಳಿದಳು. ಪ್ರಯತ್ನಿಸಲಿ, ಯಾವ ವಯಸ್ಸಾದರೇನು, ಎದೆಯ ಡಾಕ್ಟರನ್ನೊಮ್ಮೆ ಕೇಳಿಕೊಂಡು ಮಾಡಲಿ ಎಂದರು. ಡಾಕ್ಟರು ಒಪ್ಪಿದರು. ಒಂದು ನಿಮಿಷ ಉಸಿರಾಡಬೇಕು ಎಂದು ಮಗಳು ಗಡಿಯಾರ ತೋರಿಸಿದರೆ, "ಗಡಿಯಾರ ಬ್ಯಾಡ. ಒಂದು ಸೇರು ರಾಗಿ ಬೀಸೋ ಹೊತ್ತು ಅನ್ನು, ನಂಗೆ ತಿಳೀತೈತೆ" ಎಂದರು ಶಿಷ್ಯರು. ಒಮ್ಮೊಮ್ಮೆ ಅರ್ಧ ಸೇರಿಗೇ ಸದ್ದು ಬಂದುಬಿಡುತ್ತಿತ್ತು. ಆಗ ಮಗಳು ನನ್ನ ಹಾಗೆ ಗದರುತ್ತಿರಲಿಲ್ಲ. "ಪರವಾಗಿಲ್ಲ ಅಜ್ಜ, ಇನ್ನೊಂದು ಡಬ್ಬಿ ಐತಲ್ಲ" ಅನ್ನುತ್ತಿದ್ದಳು.

ಫೆಬ್ರವರಿಯ ಕೊನೆಗೆ ಮನೆಯಲ್ಲಿ ಸದ್ದು ಬಹಳ ಇಳಿದಿತ್ತು. ಆದರೆ ಶಾಲೆಯ ಮಾತೆತ್ತಿದರೆ ಮಗಳ ಮುಖ ಕಪ್ಪಿಡುತ್ತಿತ್ತು. ಯಾವ ಜಾಗ ಕಷ್ಟವೋ ಅಂಥ ಜಾಗದಲ್ಲೇ ಅಭ್ಯಾಸ ಮಾಡಬೇಕು ಎಂದರು ಮೇಡಂ. ಮೌನವಾಗಿ ಜನ ಕೂತಿರುವ ಕೋಣೆಯನ್ನು ನಾನೆಲ್ಲಿಂದ ತರಲಿ? ಅಜ್ಜ ಕೇಳಿ, "ನಮ್ಮ ಗಿರಣಿಯಾಗ ಬರೀಲಿ" ಅಂದರು.

ಆ ಗುರುವಾರ ಆರೂವರೆಯಾದರೂ ಮೋಟಾರು ಶುರುವಾಗಲಿಲ್ಲ. ಹಿಟ್ಟಿನ ಚೀಲದ ಮೇಲೆ ಮಗಳು, ಅವಳ ತೊಡೆಯ ಮೇಲೆ ರಟ್ಟು, ಪೇಪರು. ಸುತ್ತ ಡಬ್ಬಿಯವರು. ಅಜ್ಜ ಎಲ್ಲರಿಗೂ ಹೇಳಿದರು: "ಹದಿನೈದು ನಿಮಿಷ. ಹುಡುಗಿ ಪರೀಕ್ಷೆ ಬರೀತೈತೆ. ಮಾತಾಡಬ್ಯಾಡ್ರಿ. ನೋಡಬ್ಯಾಡ್ರಿ ಅಂತ ಈ ಸಲ ಹೇಳಲ್ಲ, ನೋಡೋದಿದ್ರೆ ನೋಡ್ರಿ."

ಎರಡು ನಿಮಿಷಕ್ಕೆ ಮಗಳ ಸದ್ದು ಬಂತು. ನಾಲ್ಕಾರು ತಲೆ ಎದ್ದವು. ಅವಳ ಪೆನ್ನು ನಿಂತಿತು, ಕಿವಿ ಕೆಂಪಾಯಿತು. ಆಗ ಕಲ್ಲಿನ ಪಕ್ಕದಿಂದ ಅಜ್ಜನದು ಬಂತು, "ಹ್ಹುಕ್." ತಲೆಗಳೆಲ್ಲ ಆ ಕಡೆ ತಿರುಗಿದವು. ಅಷ್ಟು ವರ್ಷ ಹಿಟ್ಟು ಬೀಸಿಸಿಕೊಂಡವರಿಗೆ ಅದು ದೂಳಿನ ಕೆಮ್ಮಲ್ಲ ಎಂದು ಆಗ ತಿಳಿಯಿತು. ಅಜ್ಜ ಕೆಳಗೆ ನೋಡಲಿಲ್ಲ. ಕೈಕಟ್ಟಿ ಕೂತು, ಮೂಗಿನಲ್ಲಿ ನಿಧಾನವಾಗಿ ಉಸಿರು ಎಳೆದುಕೊಂಡರು. ಮಗಳು ಅವರನ್ನು ನೋಡಿ ತಾನೂ ಎಳೆದುಕೊಂಡಳು. ಬಳೆ ಅಂಗಡಿಯ ಹೆಂಗಸು ಇಬ್ಬರನ್ನೂ ಒಂದು ಸಲ ನೋಡಿ, ತನ್ನ ಚೀಲದಿಂದ ಬೆಳ್ಳುಳ್ಳಿ ತೆಗೆದು ಸುಲಿಯುತ್ತಾ ಕೂತಳು. ಆಮೇಲೆ ಇನ್ನೂ ನಾಲ್ಕೈದು ಸಲ ಸದ್ದು ಬಂದಿರಬೇಕು, ಯಾರದು ಎಷ್ಟು ಎಂದು ಹೇಳಲಾರೆ. ತಲೆ ಎತ್ತುವವರು ಯಾರೂ ಇರಲಿಲ್ಲ. ಮಗಳು ಪೇಪರು ಮುಗಿಸಿದಳು. ಅಜ್ಜ ಮೋಟಾರು ಹಚ್ಚಿದರು. ಹಾಗೆ ಮೂರು ಗುರುವಾರ ಅವಳು ಗಿರಣಿಯಲ್ಲಿ ಪರೀಕ್ಷೆ ಬರೆದಳು.

ವಾರ್ಷಿಕ ಪರೀಕ್ಷೆಯ ಬೆಳಿಗ್ಗೆ ಮಂಚದ ಕೆಳಗಿನಿಂದ ಬ್ಯಾಗನ್ನು ಅವಳೇ ಎಳೆದಳು. ನಾನು ರಜೆ ಹಾಕಿದ್ದೆ. ಗಿರಣಿಯ ಮುಂದೆ ಅಜ್ಜ ಬಿಳಿ ಹುಬ್ಬಿನಲ್ಲಿ ನಿಂತಿದ್ದರು. "ಮೊದಲ್ನೇ ದಿನದಾಗ ಹಿಂದಿನ ರುಚಿ ಇರ್ತೈತೆ ಪುಟ್ಟವ್ವ. ಅದನ್ನ ತಗದು ದನಕ್ಕೆ ಹಾಕು. ಎರಡ್ನೇ ದಿನದಿಂದ ನಿಂದು" ಎಂದರು. ಹೊರಗೆ ಬೇವಿನ ಮರದ ಕೆಳಗೆ ಎರಡೂವರೆ ಗಂಟೆ ಕೂತಿದ್ದೆ. ಬಂದವಳನ್ನು ಏನೂ ಕೇಳಬಾರದೆಂದು ನಿಶ್ಚಯಿಸಿದ್ದೆ, ಕೇಳಿಯೇಬಿಟ್ಟೆ. "ಮೂರು ಸಲ ಬಂತು. ಒಬ್ಬಳು ನೋಡಿದ್ಳು, ನಾನೂ ಅವಳನ್ನ ನೋಡಿದೆ. ಗಣಿತ ಈಸಿ ಇತ್ತು" ಎಂದಳು. ಬಸ್ಸಿನಲ್ಲಿ ನಾನು ಕಿಟಕಿ ಕಡೆ ಮುಖ ಮಾಡಿ ಅತ್ತೆ, ಸಂತೋಷಕ್ಕೆ.

ಆ ಬೇಸಿಗೆಯಲ್ಲಿ ಅಜ್ಜ ಗಿರಣಿಯನ್ನು ಬೇರೆಯವರಿಗೆ ವಹಿಸಿ ಹರಿಹರಕ್ಕೆ ಹೋದರು. ಹೋಗುವ ದಿನ ತಮ್ಮ ಟ್ರಂಕನ್ನು ಆಟೋದಲ್ಲಿಟ್ಟು, "ಸದ್ದು ತಡಿಯೋದು ಒಂದು ಸೇರಿಗಿಂತ ಜಾಸ್ತಿ ಬರ್ತಿಲ್ಲ ಇನ್ನೂ. ಸದ್ದಿಲ್ಲದ ಮನಿ, ಹೆಂಗೋ ಏನೋ" ಎಂದು ಅಳುಕಿದರು. ಗುರುವಾರದ ಐದೂವರೆ ಅವರಿಬ್ಬರದಾಗಿ ಉಳಿಯಿತು. ಪರದೆಯಲ್ಲಿ ಈಗ ಮೇಡಂ ಬದಲು ಅಜ್ಜ. ಫೋನನ್ನು ಹೇಗೆ ಹಿಡಿಯುತ್ತಿದ್ದರೋ, ನಮಗೆ ಕಾಣುತ್ತಿದ್ದದ್ದು ಹೆಚ್ಚಾಗಿ ಹುಬ್ಬು ಮಾತ್ರ. ಹರಿಹರದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ತಿಂಗಳಿಗೊಮ್ಮೆ ಅವರನ್ನು ಕಂಡು, ಅವರು ಕೊಟ್ಟ ಹುರಿಗಡಲೆ ಪೊಟ್ಟಣ ತರುತ್ತಿದ್ದರು. ಗಿರಣಿ ಬಿಟ್ಟ ಮೇಲೂ ಅವರಿಗೆ ಕಡಲೆಯ ನಂಟು ಬಿಡಲಿಲ್ಲ.

ಹೋದ ವರ್ಷ, ಮಗಳು ಹತ್ತನೇ ತರಗತಿಯ ಪರೀಕ್ಷೆ ಮುಗಿಸಿದ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಒರಗಿದ ಅಜ್ಜ ಮತ್ತೆ ಏಳಲಿಲ್ಲ. ಮೂರನೇ ದಿನ ನಾವು ಮೂವರೂ ಹರಿಹರಕ್ಕೆ ಹೋದೆವು. ಅಷ್ಟು ಸದ್ದಿಲ್ಲದ ಮನೆಯನ್ನು ನಾನು ಕಂಡಿರಲಿಲ್ಲ. ಹಿತ್ತಲಿನ ಹಗ್ಗದಲ್ಲಿ ಬಟ್ಟೆ ಅಲುಗುವುದೂ ಕೇಳಿಸುತ್ತಿತ್ತು. ಅವರ ತಂಗಿ ನಮಗೆ ಚಾಪೆ ಹಾಸಿ ಹೇಳಿದರು: "ಬಂದ ಹೊಸದಾಗ ಸಾಯಂಕಾಲ ಆದ್ರೆ ಟಿವಿ ಜೋರು ಹಚ್ಚು ಅಂತ ಗಂಟು ಬೀಳ್ತಿದ್ದ. ಎರಡು ವರ್ಷದ ಈಚೆಗೆ ಟಿವಿ ಹಚ್ಚಿದ್ರೆ ಆರಿಸು ಅಂತಿದ್ದ. ಸುಮ್ನೆ ಕೂಡ್ರೋದು ಎಷ್ಟು ಚಲೋ ಐತೆ ತಂಗಿ, ಇಷ್ಟು ದಿನ ಗೊತ್ತೇ ಇರ್ಲಿಲ್ಲ ಅಂತಿದ್ದ."

ಅವರು ನೀರು ತರಲು ಒಳಗೆ ಹೋದರು. ನಾವು ಅಜ್ಜನ ಫೋಟೋದ ಮುಂದೆ ಕೂತೆವು. ಫೋಟೋದಲ್ಲಿ ಹುಬ್ಬು ತೊಳೆದಿತ್ತು. ಆ ಮೌನದಲ್ಲಿ ಮಗಳಿಗೆ ಬಂತು, "ಹ್ಹುಕ್." ಈಗೀಗ ಅವಳಿಗೆ ಅದು ಬಹಳ ಅಪರೂಪ, ಮನಸ್ಸು ತುಂಬಿದಾಗ ಮಾತ್ರ. ಒಳಗೆ ಚೊಂಬು ಕೆಳಗಿಟ್ಟ ಸದ್ದಾಯಿತು. ತಂಗಿ ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು, ನಮ್ಮ ಮೂವರನ್ನೂ ದಾಟಿ ಏನನ್ನೋ ಹುಡುಕುವಂತೆ ನೋಡಿದರು. ಆಮೇಲೆ ಮಗಳ ಪಕ್ಕ ಬಂದು ಕೂತು ಅವಳ ಕೈ ಹಿಡಿದುಕೊಂಡರು.

"ಅಣ್ಣ ಇಲ್ಲೇ ಕುಂತಂಗಾತವ್ವ" ಎಂದರು.

ಮಗಳು ಅವತ್ತು ಉಸಿರಿನ ಅಭ್ಯಾಸ ಮಾಡಲಿಲ್ಲ. ಬರುವುದನ್ನು ಬರಲು ಬಿಟ್ಟು, ಅವರ ಕೈಯಲ್ಲಿ ಕೈಯಿಟ್ಟು ಕೂತಿದ್ದಳು. ಒಂದು ಕಾಲಕ್ಕೆ ಕೆಂಪು ಪೆನ್ನು ಹಿಡಿದಿದ್ದ ನಾನು ಪಕ್ಕದಲ್ಲೇ ಇದ್ದೆ. ಎಷ್ಟು ಸಲ ಬಂತು ಎಂದು ಎಣಿಸಲಿಲ್ಲ.